ಒಂದು ಕಿಲೋಹರ್ಟ್ಜ್‌ನ ಶುದ್ಧ ಅಲೆಗಾಗಿ ಏಳು ಭಾನುವಾರ

ಬೆಳಗಾವಿಯ ತಿಲಕವಾಡಿಯಲ್ಲಿರುವ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ನಾನು ಆಂಪ್ಲಿಫೈಯರ್‌ಗಳ ದುರಸ್ತಿ ಮಾಡುತ್ತೇನೆ. ಗಣಪತಿ ಹಬ್ಬಕ್ಕೆ ಎರಡು ಮೂರು ತಿಂಗಳು ಇರುವಾಗಲೇ ಮಂಡಳಗಳವರು ತಮ್ಮ ಯಂತ್ರಗಳನ್ನು ತಂದಿಳಿಸಿ, ಸಣ್ಣ ದನಿಯಲ್ಲಿ ಹಾಡು ಹರಿದಂತೆ ಕೇಳುತ್ತದೆ ಎಂದು ಹೇಳಿ ಹೋಗುತ್ತಾರೆ. ಎಲ್ಲಿ ಹರಿದಿದೆ, ಎಷ್ಟು ಹರಿದಿದೆ ಎಂದು ಅಳೆಯಬೇಕಾದರೆ ಆಂಪ್ಲಿಫೈಯರ್‌ಗೆ ಕೊಡುವ ಅಲೆಯೇ ಮೊದಲು ಶುದ್ಧವಾಗಿರಬೇಕು. ನನ್ನ ಬಳಿ ಇದ್ದದ್ದು ಹತ್ತು ವರ್ಷಗಳ ಹಿಂದೆ ಝೀರೋ ಬೋರ್ಡಿನ (ತೂತುಗಳಿರುವ ಬರಿ ಹಲಗೆ) ಮೇಲೆ ಕಟ್ಟಿದ ಒಂದು ವೀನ್ ಬ್ರಿಜ್ ಆಸಿಲೇಟರ್, ಅಂದರೆ ರೆಸಿಸ್ಟರ್ ಮತ್ತು ಕೆಪ್ಯಾಸಿಟರ್ ಜೋಡಿಗಳಿಂದ ಸೈನ್ ಅಲೆ ಹುಟ್ಟಿಸುವ ಸರ್ಕಿಟ್. ಅದನ್ನು ಸರಿಪಡಿಸಲು ಒಂದು ಭಾನುವಾರ ಸಾಕು ಎಂದುಕೊಂಡವನಿಗೆ ಏಳು ಭಾನುವಾರ ಹಿಡಿದವು. 2025ರ ಜೂನ್ ಮತ್ತು ಜುಲೈ ತಿಂಗಳಲ್ಲಿ ವಹಿಯಲ್ಲಿ ಬರೆದಿಟ್ಟುಕೊಂಡದ್ದನ್ನೇ ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇನೆ.

ಜೂನ್ 8

ಹಳೆಯ ಸರ್ಕಿಟ್‌ನಲ್ಲಿ ಇದ್ದದ್ದು ಒಂದು ಟಿಎಲ್072 (ಆಪ್‌ಆಂಪ್, ಅಂದರೆ ಸಣ್ಣ ಅಲೆಯನ್ನು ದೊಡ್ಡದು ಮಾಡುವ ಐಸಿ), ಬ್ರಿಜ್‌ನ ಎರಡೂ ತೋಳುಗಳಲ್ಲಿ 15 ಕಿಲೋಓಮ್ ರೆಸಿಸ್ಟರ್ ಮತ್ತು 103 ಎಂದು ಬರೆದ ಸೆರಾಮಿಕ್ ಡಿಸ್ಕ್ ಕೆಪ್ಯಾಸಿಟರ್, ಅಂದರೆ 10 ನ್ಯಾನೋಫ್ಯಾರಡ್. ಈ ಸರ್ಕಿಟ್ ನಿಲ್ಲದೆ ಓಡಬೇಕಾದರೆ ಗೇನ್ (ಅಲೆಯನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಎಂಬ ಅಂಕಿ) ಸರಿಯಾಗಿ 3 ಇರಬೇಕು. ಕಡಿಮೆಯಾದರೆ ಅಲೆ ಸತ್ತುಹೋಗುತ್ತದೆ, ಹೆಚ್ಚಾದರೆ ಬೆಳೆದು ಬೆಳೆದು ಸಪ್ಲೈಗೆ ತಲೆ ತಾಗಿ ಚಪ್ಪಟೆಯಾಗುತ್ತದೆ. ಅದನ್ನು ಹಿಡಿದಿಡಲು ಫೀಡ್‌ಬ್ಯಾಕ್ ರೆಸಿಸ್ಟರ್‌ಗೆ ಅಡ್ಡಲಾಗಿ ಎರಡು 1ಎನ್4148 ಡಯೋಡ್‌ಗಳನ್ನು ಎದುರುಬದುರಾಗಿ ಹಾಕಿದ್ದೆ.

ಸ್ಕೋಪ್‌ನ ಪರದೆಯ ಮೇಲೆ ಅಲೆ ಅಚ್ಚುಕಟ್ಟಾಗಿಯೇ ಕಾಣುತ್ತಿತ್ತು. ಕಣ್ಣಿನ ಸಾಕ್ಷಿಯನ್ನು ಇಲ್ಲಿ ನಂಬುವಂತಿಲ್ಲ. ಎರಡು ಮೂರು ಪ್ರತಿಶತ ಡಿಸ್ಟಾರ್ಷನ್ (ಅಲೆಯ ಆಕಾರ ಕೆಡುವುದು) ಇದ್ದರೂ ಸೈನ್ ಅಲೆ ಕಣ್ಣಿಗೆ ಸೈನ್ ಅಲೆಯಾಗಿಯೇ ಕಾಣುತ್ತದೆ. ಆದ್ದರಿಂದ ಅಕ್ಕನ ಮಗ ಭಜನೆಗಳನ್ನು ರೆಕಾರ್ಡ್ ಮಾಡಲು ಇಟ್ಟುಕೊಂಡಿರುವ 24 ಬಿಟ್‌ನ ಯುಎಸ್‌ಬಿ ಆಡಿಯೋ ಇಂಟರ್‌ಫೇಸನ್ನು ಎರವಲು ತಂದು, ಲ್ಯಾಪ್‌ಟಾಪ್‌ನಲ್ಲಿ ರೂಮ್ ಈಕ್ಯೂ ವಿಝರ್ಡ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಅಲೆಯೊಳಗಿನ ಹಾರ್ಮೋನಿಕ್‌ಗಳನ್ನು, ಅಂದರೆ ಮೂಲ ಫ್ರೀಕ್ವೆನ್ಸಿಯ ಎರಡು ಪಟ್ಟು, ಮೂರು ಪಟ್ಟಿನಲ್ಲಿ ಸೇರಿಕೊಂಡ ಬೇಡದ ಅಲೆಗಳನ್ನು, ಒಂದೊಂದಾಗಿ ನೋಡಲು ಕುಳಿತೆ.

ಮೊದಲ ತಪ್ಪು ಇಲ್ಲಿಯೇ ಆಯಿತು. ಮೂರನೆಯ ಹಾರ್ಮೋನಿಕ್ ಮೂಲ ಅಲೆಗಿಂತ ಕೇವಲ 27 ಡೆಸಿಬೆಲ್ ಕೆಳಗಿತ್ತು, ಅಂದರೆ ಹೆಚ್ಚುಕಡಿಮೆ 4.5 ಪ್ರತಿಶತ. ಈ ಡೆಸಿಬೆಲ್ ಅಂಕಿ ದೊಡ್ಡದಾದಷ್ಟೂ ಅಲೆ ಹೆಚ್ಚು ಶುದ್ಧ. ಡಯೋಡ್ ಬದಲಿಸಿದೆ, ಐಸಿ ಬದಲಿಸಿದೆ, ಎರಡು ಗಂಟೆ ಕಳೆದವು, ಅಂಕಿ ಮಾತ್ರ ಕದಲಲಿಲ್ಲ. ಚಹಾ ಕುಡಿಯಲು ಬಂದ ಅಳಿಯ ನಿಂತಲ್ಲಿಂದಲೇ, “ಮಾಮಾ, ಕೆಂಪ ದೀಪ ಹತ್ತಾಕತ್ತೈತಿ ನೋಡ್ರಿ,” ಎಂದ. ಆಸಿಲೇಟರ್‌ನಿಂದ ಬರುತ್ತಿದ್ದದ್ದು 3 ವೋಲ್ಟ್ ಆರ್‌ಎಂಎಸ್. ಆ ಇಂಟರ್‌ಫೇಸ್ ತಾಳಿಕೊಳ್ಳುವುದು ಹೆಚ್ಚೆಂದರೆ 2 ವೋಲ್ಟ್. ಅಲೆಯ ತಲೆ ಕತ್ತರಿಸುತ್ತಿದ್ದದ್ದು ನನ್ನ ಸರ್ಕಿಟ್ ಅಲ್ಲ, ಅಳೆಯುವ ಉಪಕರಣ. ನಡುವೆ ವೋಲ್ಟೇಜ್ ತಗ್ಗಿಸಲು 10 ಕಿಲೋಓಮ್ ಮತ್ತು 2.2 ಕಿಲೋಓಮ್‌ಗಳ ಡಿವೈಡರ್ ಹಾಕಿದ ಮೇಲೆ ನಿಜವಾದ ಅಂಕಿ ಸಿಕ್ಕಿತು: ಮೂರನೆಯ ಹಾರ್ಮೋನಿಕ್ 37 ಡೆಸಿಬೆಲ್ ಕೆಳಗೆ, ಐದನೆಯದು 49 ಡೆಸಿಬೆಲ್ ಕೆಳಗೆ. ಒಟ್ಟು ಸುಮಾರು 1.5 ಪ್ರತಿಶತ.

ಅಂದಿನ ಪುಟದ ಕೊನೆಗೆ ಇನ್ನೊಂದು ಸಾಲಿದೆ. ಲೆಕ್ಕದಂತೆ 1061 ಹರ್ಟ್ಜ್ ಬರಬೇಕಿದ್ದ ಕಡೆ ಮೀಟರ್ ಬೆಳಿಗ್ಗೆ 1140 ತೋರಿಸಿತ್ತು, ಮಧ್ಯಾಹ್ನ 1155. ನನಗೆ ಬೇಕಾದದ್ದು ಶುದ್ಧ ಅಲೆ, ಕರಾರುವಾಕ್ಕಾದ ಫ್ರೀಕ್ವೆನ್ಸಿ ಅಲ್ಲ ಎಂದು ಅದನ್ನು ಅಲ್ಲಿಯೇ ಬಿಟ್ಟೆ. ಹಾಗೆ ಬಿಟ್ಟದ್ದಕ್ಕೆ ನಾಲ್ಕು ವಾರ ದಂಡ ತೆರಬೇಕಾಯಿತು.

ಜೂನ್ 15

ಪರದೆಯ ಮೇಲೆ ಮೂಲ ಅಲೆಯ ಎರಡೂ ಪಕ್ಕದಲ್ಲಿ ಸರಿಯಾಗಿ 100 ಹರ್ಟ್ಜ್ ದೂರಕ್ಕೆ ಒಂದೊಂದು ಸಣ್ಣ ಗೆರೆ ನಿಂತಿತ್ತು. ಇದು ಸಪ್ಲೈನ ರಿಪಲ್, ಅಂದರೆ ಡಿಸಿಯಲ್ಲಿ ಉಳಿದುಹೋದ ಏರಿಳಿತ. ಹಳೆಯ ಸಪ್ಲೈನಲ್ಲಿ ರೆಗ್ಯುಲೇಟರ್ ಇರಲಿಲ್ಲ. 15-0-15 ವೋಲ್ಟ್‌ನ 1 ಆಂಪಿಯರ್ ಟ್ರಾನ್ಸ್‌ಫಾರ್ಮರ್ (240 ರೂಪಾಯಿ), ಬ್ರಿಜ್ ರೆಕ್ಟಿಫೈಯರ್, ಎರಡು 2200 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, ರೆಗ್ಯುಲೇಟರ್‌ಗಳಾಗಿ ಒಂದು 7812 (ಪ್ಲಸ್ 12 ವೋಲ್ಟ್) ಮತ್ತು ಒಂದು 7912 (ಮೈನಸ್ 12 ವೋಲ್ಟ್) ಇಟ್ಟುಕೊಂಡು ಹೊಸದನ್ನು ಕಟ್ಟಿದೆ.

7812ರ ಕಾಲುಗಳ ಕ್ರಮ ಬೇರೆ, 7912ರ ಕ್ರಮ ಬೇರೆ ಎಂಬುದು ನನಗೆ ಗೊತ್ತಿತ್ತು, ಕಾಲುಗಳನ್ನು ಸರಿಯಾಗಿಯೇ ಕೂಡಿಸಿದ್ದೆ. ಆದರೆ ಎರಡನ್ನೂ ಒಂದೇ ಅಲ್ಯೂಮಿನಿಯಂ ಪಟ್ಟಿಗೆ, ನಡುವೆ ಕರೆಂಟ್ ತಡೆಯುವ ಮೈಕಾ ಇಲ್ಲದೆ ಬಿಗಿದೆ. 7812ರ ಬೆನ್ನಿನ ಲೋಹ ಗ್ರೌಂಡ್‌ಗೆ ಸೇರಿದೆ. 7912ರ ಬೆನ್ನು ಅದರ ಇನ್‌ಪುಟ್‌ಗೆ ಸೇರಿದೆ. ಸ್ವಿಚ್ ಹಾಕಿದ ಕೂಡಲೇ ಮೈನಸ್ 21 ವೋಲ್ಟ್ ನೇರವಾಗಿ ಗ್ರೌಂಡ್ ಸೇರಿ ಫ್ಯೂಸ್ ಹೋಯಿತು. ಫ್ಯೂಸ್‌ನದೇ ದೋಷವಿರಬೇಕೆಂದು ಎರಡನೆಯದನ್ನು ಹಾಕಿದೆ, ಅದೂ ಹೋಯಿತು. ಮೂವತ್ತು ವರ್ಷ ಬೆಸುಗೆ ಹಿಡಿದ ಕೈಗೆ ಇದು ಶೋಭೆಯಲ್ಲ. ಮೈಕಾ ಹಾಳೆ, ಪ್ಲಾಸ್ಟಿಕ್ ಬುಷ್ ಹಾಕಿದ ಮೇಲೆ ಎರಡೂ ಕಡೆ 12 ವೋಲ್ಟ್ ನಿಂತಿತು, ಪಕ್ಕದ ಗೆರೆಗಳು ಮಾಯವಾದವು. ಮೂರನೆಯ ಹಾರ್ಮೋನಿಕ್ ಮಾತ್ರ 37ರಲ್ಲೇ ಕುಳಿತಿತ್ತು; ಅದು ಡಯೋಡ್‌ಗಳ ಕೆಲಸ.

ಜೂನ್ 22

ಡಯೋಡ್‌ಗಳು ಪ್ರತಿ ಅಲೆಯ ತುದಿಯನ್ನೂ ಸ್ವಲ್ಪ ಸವರುತ್ತವೆ. ಸವರದೆ, ಒಟ್ಟು ಎತ್ತರವನ್ನು ನೋಡಿ ನಿಧಾನವಾಗಿ ಗೇನ್ ತಿದ್ದುವಂಥದ್ದು ಬೇಕು. ನಮ್ಮ ಕಾಲೇಜಿನ ದಿನಗಳ ಲ್ಯಾಬ್‌ನಲ್ಲಿ ಎಲ್ಲರ ಕೈಯಲ್ಲೂ ಓಡಾಡುತ್ತಿದ್ದ ಬಿಎಫ್‌ಡಬ್ಲ್ಯೂ10 ಎಂಬ ಎಫ್‌ಇಟಿ (ಒಂದು ಬಗೆಯ ಟ್ರಾನ್ಸಿಸ್ಟರ್) ಖಡೇ ಬಜಾರ್ ಕಡೆಯ ಒಂದು ಅಂಗಡಿಯಲ್ಲಿ ಇನ್ನೂ ಇತ್ತು, ಎರಡಕ್ಕೆ 90 ರೂಪಾಯಿ. ಅದನ್ನು ವೋಲ್ಟೇಜ್‌ಗೆ ಅನುಗುಣವಾಗಿ ಬದಲಾಗುವ ರೆಸಿಸ್ಟರ್ ಆಗಿ ಗೇನ್ ತೋಳಿನಲ್ಲಿಟ್ಟು, ಔಟ್‌ಪುಟ್‌ ಅಲೆಯನ್ನು ಡಯೋಡ್‌ ಒಂದರಿಂದ ಡಿಸಿ ಮಾಡಿ ಅದನ್ನು ನಿಯಂತ್ರಿಸುವ ಕಾಲಾದ ಗೇಟ್‌ಗೆ ಕೊಟ್ಟೆ.

ಮೂರನೆಯ ಹಾರ್ಮೋನಿಕ್ ಒಮ್ಮೆಲೇ 37ರಿಂದ 62 ಡೆಸಿಬೆಲ್ ಕೆಳಕ್ಕೆ ಇಳಿಯಿತು. ಖುಷಿ ಪಡುವ ಮೊದಲೇ ಎರಡನೆಯದು 50ರಲ್ಲಿ ತಲೆಯೆತ್ತಿರುವುದು ಕಾಣಿಸಿತು. ಎಫ್‌ಇಟಿಯ ಚಾನೆಲ್ ಅಲೆಯ ಪ್ಲಸ್ ಅರ್ಧಕ್ಕೊಂದು ರೆಸಿಸ್ಟೆನ್ಸ್, ಮೈನಸ್ ಅರ್ಧಕ್ಕೊಂದು ರೆಸಿಸ್ಟೆನ್ಸ್ ತೋರಿಸುವುದರಿಂದ ಹೀಗಾಗುತ್ತದೆ. ಚಾನೆಲ್‌ನ ಒಂದು ತುದಿಯಾದ ಡ್ರೇನ್‌ನ ಅರ್ಧ ವೋಲ್ಟೇಜನ್ನು ಗೇಟ್‌ಗೆ ಹಿಂದಿರುಗಿಸಿದರೆ ಈ ಭೇದ ಬಹುಮಟ್ಟಿಗೆ ಅಳಿಯುತ್ತದೆ. ಎರಡು 470 ಕಿಲೋಓಮ್ ರೆಸಿಸ್ಟರ್‌ಗಳಿಂದ ಹಾಗೆ ಮಾಡಿದಾಗ ಎರಡನೆಯದು 67ಕ್ಕೆ ಇಳಿಯಿತು. ಮೂರನೆಯದು 62ರಲ್ಲಿಯೇ ನಿಂತಿತು. ಒಟ್ಟು 0.09 ಪ್ರತಿಶತ. ಅಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಮೂರನೆಯದು ಯಾಕೆ ಅಲುಗುತ್ತಿಲ್ಲ ಎಂಬ ಹಟ ಹುಟ್ಟಿತು. ಎಫ್‌ಇಟಿಯ ಮೇಲೆ ಬೀಳುವ ವೋಲ್ಟೇಜನ್ನು ಅರ್ಧಕ್ಕಿಳಿಸಿ ನೋಡಿದೆ, ಆಗಲೂ 62. ತಪ್ಪು ಎಫ್‌ಇಟಿಯದ್ದಲ್ಲ ಎಂದು ಆಗಲೇ ಅರ್ಥವಾಗಬೇಕಿತ್ತು. ಅರ್ಥವಾಗಲಿಲ್ಲ.

ಜೂನ್ 29

ಬಲ್ಬಿನ ಮೊರೆಹೋದೆ. ಮ್ಯಾಕ್ಸ್ ವೀನ್ 1891ರಲ್ಲಿ ಕೊಟ್ಟ ಬ್ರಿಜ್ಜಿಗೆ ಒಂದು ಸಣ್ಣ ದೀಪವನ್ನು ಸೇರಿಸಿ, ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಯಾಗಿದ್ದ ವಿಲಿಯಂ ಹ್ಯೂಲೆಟ್ 1939ರಲ್ಲಿ ಅದನ್ನು ಉಪಯೋಗಕ್ಕೆ ಬರುವ ಯಂತ್ರವಾಗಿಸಿದರು. ಎಚ್‌ಪಿ ಕಂಪನಿ ಮೊದಲು ಮಾರಿದ್ದು ಅದನ್ನೇ. ಅಲೆ ದೊಡ್ಡದಾದರೆ ದೀಪದ ತಂತಿ ಬಿಸಿಯಾಗಿ ಅದರ ರೆಸಿಸ್ಟೆನ್ಸ್ ಏರುತ್ತದೆ, ಗೇನ್ ತಾನಾಗಿ ಇಳಿಯುತ್ತದೆ. ಬೇರೆ ಏನೂ ಬೇಕಿಲ್ಲ.

ಕೈಗೆ ಸಿಕ್ಕ ಮೊದಲ ಬಲ್ಬು ಹಳೆಯ ವಾಲ್ವ್ ರೇಡಿಯೋದ ಡಯಲ್ ದೀಪ, 6.3 ವೋಲ್ಟ್, 0.15 ಆಂಪಿಯರ್. ತಣ್ಣಗಿರುವಾಗ ಮಲ್ಟಿಮೀಟರ್‌ನಲ್ಲಿ 6 ಓಮ್ ತೋರಿಸಿತು. ಇಷ್ಟು ಕಡಿಮೆ ರೆಸಿಸ್ಟೆನ್ಸ್‌ನ ದೀಪವನ್ನು ಬಿಸಿ ಮಾಡುವಷ್ಟು ಕರೆಂಟನ್ನು ಯಾವ ಆಪ್‌ಆಂಪ್ ತಾನೇ ಕೊಟ್ಟೀತು? ಐಸಿ ಬಿಸಿಯಾಯಿತು, ದೀಪ ಬಿಸಿಯಾಗಲಿಲ್ಲ, ಸ್ಕೋಪ್‌ನಲ್ಲಿ ಹೆಂಚು ಮುರಿದಂತಹ ಒಂದು ಆಕಾರ ಬಂತು. ಬೇಕಾದದ್ದು ಹೆಚ್ಚು ವೋಲ್ಟ್‌ನ, ಕಡಿಮೆ ಕರೆಂಟಿನ ದೀಪ. ಉದ್ಯಮಬಾಗದಲ್ಲಿ ಯಂತ್ರಗಳ ಪ್ಯಾನೆಲ್ ದುರಸ್ತಿ ಮಾಡುವ ಗೆಳೆಯನಿಗೆ ಫೋನ್ ಮಾಡಿದೆ. ಆಮದು ಮಾಡಿದ್ದ ಹಳೆಯ ಲೇತ್ ಒಂದರ ಪ್ಯಾನೆಲ್‌ನಿಂದ ಬಿಚ್ಚಿಟ್ಟಿದ್ದ 28 ವೋಲ್ಟ್, 40 ಮಿಲಿಆಂಪಿಯರ್‌ನ ನಾಲ್ಕು ದೀಪಗಳನ್ನು ಅಂಗೈಯಲ್ಲಿ ಹಾಕಿ, “ಇವು ಹತ್ತಿದರೂ ಎಷ್ಟ ಬೆಳಕ ಕೊಡ್ತಾವ, ಏನ್ ಮಾಡಾಂವ್ ಇವನ್ನ?” ಎಂದು ಕೇಳಿದ. ಹತ್ತಿಸುವುದಿಲ್ಲ ಎಂದೆ. ಅವನು ಮುಂದೆ ಏನೂ ಕೇಳಲಿಲ್ಲ.

ನಾಲ್ಕರಲ್ಲಿ ಒಂದರ ತಂತಿ ಕಡಿದಿತ್ತು. ಉಳಿದವು ತಣ್ಣಗಿರುವಾಗ 76ರಿಂದ 81 ಓಮ್. ಒಂದನ್ನು ಗ್ರೌಂಡ್ ಕಡೆಗೆ ಹಾಕಿ, ಫೀಡ್‌ಬ್ಯಾಕ್‌ಗೆ 330 ಓಮ್ ರೆಸಿಸ್ಟರ್‌ನೊಂದಿಗೆ 200 ಓಮ್‌ನ ಮಲ್ಟಿಟರ್ನ್ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಸೇರಿಸಿ ತಿರುಗಿಸುತ್ತ ಹೋದೆ. ಎರಡೂ ಸೇರಿ 430 ಓಮ್ ಆದಾಗ ಔಟ್‌ಪುಟ್ 3 ವೋಲ್ಟ್ ಆರ್‌ಎಂಎಸ್‌ನಲ್ಲಿ ನಿಂತಿತು. ಅಂದರೆ ಆಗ ದೀಪ 215 ಓಮ್, ಅದರ ಮೇಲೆ 1 ವೋಲ್ಟ್, ಅದರೊಳಗೆ ಸುಮಾರು 4.7 ಮಿಲಿಆಂಪಿಯರ್. ಕೋಣೆಯ ದೀಪ ಆರಿಸಿ ನೋಡಿದರೂ ಬಲ್ಬಿನಲ್ಲಿ ಕೆಂಪಿನ ಸುಳಿವಿರಲಿಲ್ಲ, ಹಾಗೆಯೇ ಇರಬೇಕು.

ಪರದೆ ನೋಡಿದರೆ ಮೂರನೆಯ ಹಾರ್ಮೋನಿಕ್ 57 ಡೆಸಿಬೆಲ್ ಕೆಳಗೆ. ಎಫ್‌ಇಟಿಗಿಂತಲೂ ಕೆಟ್ಟದ್ದು! ಇದರ ಅರ್ಧ ಕಾರಣ ಬೇಗನೆ ಸಿಕ್ಕಿತು. ದೀಪ ಮತ್ತು ಫೀಡ್‌ಬ್ಯಾಕ್ ಸೇರಿ 645 ಓಮ್‌ನ ಹೊರೆಯಾಗಿತ್ತು. ಟಿಎಲ್072 ಎರಡು ಕಿಲೋಓಮ್‌ಗಿಂತ ಕಡಿಮೆ ಹೊರೆಯನ್ನು ಸಲೀಸಾಗಿ ಎಳೆಯುವ ಐಸಿ ಅಲ್ಲ. 600 ಓಮ್ ಎಳೆಯಲೆಂದೇ ಮಾಡಿದ ಎನ್‌ಇ5532ವನ್ನು (25 ರೂಪಾಯಿ) ಅದೇ ಸಾಕೆಟ್‌ಗೆ ಕೂರಿಸಿದೆ, ಸಪ್ಲೈ ಕಾಲುಗಳ ಬುಡದಲ್ಲಿಯೇ 100 ನ್ಯಾನೋಫ್ಯಾರಡ್‌ನ ಎರಡು ಕೆಪ್ಯಾಸಿಟರ್ ಹಾಕಿದೆ. ಅಂಕಿ 63ಕ್ಕೆ ಬಂತು. ಅದರಾಚೆಗೆ ಒಂದು ಹೆಜ್ಜೆಯೂ ಇಲ್ಲ.

ಜುಲೈ 6

ಇಡೀ ವಾರ ಈ 62 ಮತ್ತು 63 ತಲೆಯಲ್ಲಿ ಸುತ್ತುತ್ತಿದ್ದವು. ಎಫ್‌ಇಟಿಯಿಂದ ಗೇನ್ ಹಿಡಿದಾಗಲೂ ಅದೇ ಅಂಕಿ, ಬಲ್ಬಿನಿಂದ ಹಿಡಿದಾಗಲೂ ಅದೇ ಅಂಕಿ. ಎರಡೂ ಸರ್ಕಿಟ್‌ಗಳಲ್ಲಿ ಬದಲಾಗದೆ ಉಳಿದದ್ದು ಯಾವುದು ಎಂದು ಪಟ್ಟಿ ಮಾಡಿದೆ. ಪಟ್ಟಿಯಲ್ಲಿ ಉಳಿದದ್ದು ಬ್ರಿಜ್‌ನ ಎರಡು ರೆಸಿಸ್ಟರ್, ಎರಡು ಸೆರಾಮಿಕ್ ಡಿಸ್ಕ್. ಆಗ ಜೂನ್ 8ರ ಪುಟದ ಕೊನೆಯ ಸಾಲು ಕಣ್ಣಿಗೆ ಬಿತ್ತು.

ಬೆಸುಗೆ ಕಡ್ಡಿಯ ತುದಿಯನ್ನು ಒಂದು ಡಿಸ್ಕ್‌ನ ಹತ್ತಿರಕ್ಕೆ, ತಾಗಿಸದೆ, ಅಕ್ಕಿಕಾಳಿನಷ್ಟು ದೂರದಲ್ಲಿ ಹಿಡಿದು ಮೀಟರ್ ನೋಡುತ್ತ ಕುಳಿತೆ. 1138, 1144, 1152, 1167. ಉಸಿರು ಬಿಡುವಷ್ಟರಲ್ಲಿ 1210 ಮುಟ್ಟಿತು. ಕಡ್ಡಿ ತೆಗೆದು ಊದಿದರೆ ಮತ್ತೆ ಮೆಲ್ಲಗೆ ಇಳಿಯತೊಡಗಿತು. ಶಾಖಕ್ಕೆ ಇಷ್ಟೊಂದು ಬದಲಾಗುವ ಅಗ್ಗದ ಜಾತಿಯ ಸೆರಾಮಿಕ್ ವೋಲ್ಟೇಜ್‌ಗೂ ಬದಲಾಗುತ್ತದೆ. ಅದರ ಮೇಲೆ ಅಲೆಯ ವೋಲ್ಟೇಜ್ ಏರಿದಾಗ ಒಂದು ಬೆಲೆ, ಸೊನ್ನೆಯ ಹತ್ತಿರ ಇನ್ನೊಂದು ಬೆಲೆ. ಪ್ಲಸ್ ಕಡೆಗೂ ಮೈನಸ್ ಕಡೆಗೂ ಒಂದೇ ರೀತಿ ಬದಲಾಗುವುದರಿಂದ ಹುಟ್ಟುವುದು ಮೂರನೆಯ ಹಾರ್ಮೋನಿಕ್. ಐಸಿಯನ್ನು ಮೂರು ಬಾರಿ ಬದಲಿಸಿದ್ದ ನಾನು ಒಂದು ರೂಪಾಯಿಯ ಡಿಸ್ಕನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ.

ಹಳೆಯ ಡಬ್ಬಿಯಲ್ಲಿ ಎರಡು ಪಾಲಿಸ್ಟೈರಿನ್ ಕೆಪ್ಯಾಸಿಟರ್‌ಗಳಿದ್ದವು. ಈ ಕೆಲಸಕ್ಕೆ ಅವಕ್ಕಿಂತ ಒಳ್ಳೆಯವು ಸಿಗುವುದು ಕಷ್ಟ. ಒಂದನ್ನು ಬೆಸುಗೆ ಹಾಕುವಾಗ ಕಾಲಿನ ಮೇಲೆ ಕಡ್ಡಿ ತುಸು ಹೆಚ್ಚು ಹೊತ್ತು ನಿಂತಿತು, ಕೆಪ್ಯಾಸಿಟರ್‌ನ ಒಂದು ತುದಿ ಮೇಣದಂತೆ ಕುಗ್ಗಿ ಒಳಗಿನ ಪದರಗಳು ಒಂದಕ್ಕೊಂದು ಸೇರಿಹೋದವು. ಪಾಲಿಸ್ಟೈರಿನ್ ಬಿಸಿ ತಾಳುವುದಿಲ್ಲ. ಕಾಲನ್ನು ಚಿಮಟದಿಂದ ಹಿಡಿದುಕೊಂಡು ಬೆಸೆಯಬೇಕು ಎಂಬುದು ಗೊತ್ತಿದ್ದೂ ಹಿಡಿಯಲಿಲ್ಲ. ಜೋಡಿ ಕೆಟ್ಟ ಮೇಲೆ ಉಳಿದ ಒಂದರಿಂದ ಏನು ಪ್ರಯೋಜನ? ಮರುದಿನ ಸಂಜೆ ಹತ್ತು ಪಾಲಿಪ್ರೊಪಿಲೀನ್ ಕೆಪ್ಯಾಸಿಟರ್‌ಗಳನ್ನು 120 ರೂಪಾಯಿಗೆ ತಂದೆ. ಅಳೆದಾಗ 9.87ರಿಂದ 10.21 ನ್ಯಾನೋಫ್ಯಾರಡ್‌ವರೆಗೆ ಹರಡಿದ್ದವು. 10.02 ಮತ್ತು 10.04ರ ಜೋಡಿಯನ್ನು ಆರಿಸಿಕೊಂಡೆ. ರೆಸಿಸ್ಟರ್‌ಗಳನ್ನೂ ಒಂದು ಪ್ರತಿಶತದ ಮೆಟಲ್ ಫಿಲ್ಮ್‌ಗೆ ಬದಲಿಸಿ, ಪ್ರತಿ ತೋಳಿಗೆ 15 ಕಿಲೋಓಮ್ ಮತ್ತು 910 ಓಮ್‌ಗಳನ್ನು ಸಾಲಾಗಿ ಹಾಕಿದೆ.

ಮೀಟರ್‌ನಲ್ಲಿ 997 ಹರ್ಟ್ಜ್, ಲೆಕ್ಕದಂತೆಯೇ. ಕಡ್ಡಿ ಹತ್ತಿರ ಹಿಡಿದರೂ ಮೂರು ಹರ್ಟ್ಜ್‌ಗಿಂತ ಹೆಚ್ಚು ಅಲುಗಲಿಲ್ಲ. ಮೂರನೆಯ ಹಾರ್ಮೋನಿಕ್ 63ರಿಂದ 80 ಡೆಸಿಬೆಲ್ ಕೆಳಕ್ಕೆ ಇಳಿದಿತ್ತು.

ಜುಲೈ 13

ಈಗ ಇನ್ನೊಂದು ತೊಡಕು. ಇಂಟರ್‌ಫೇಸ್‌ನ ಔಟ್‌ಪುಟ್ಟನ್ನು ಅದರ ಇನ್‌ಪುಟ್‌ಗೇ ಕೊಟ್ಟು ನೋಡಿದರೆ ಅದರ ಸ್ವಂತ ಮೂರನೆಯ ಹಾರ್ಮೋನಿಕ್ 84ರಲ್ಲಿತ್ತು. ಅಳೆಯುವ ಕೋಲೇ ಇಷ್ಟು ಡೊಂಕಾಗಿರುವಾಗ 80ರಲ್ಲಿ ನನ್ನದೆಷ್ಟು, ಅದರದೆಷ್ಟು ಎಂದು ಹೇಳಲಾಗದು. ಉಪಾಯವೆಂದರೆ ಮೂಲ ಅಲೆಯನ್ನು ಮೊದಲೇ ಶೋಧಿಸಿ ತೆಗೆದು, ಉಳಿದದ್ದನ್ನು ಮಾತ್ರ ಇಂಟರ್‌ಫೇಸ್‌ಗೆ ಕೊಡುವುದು. ಉಳಿದಿದ್ದ ಕೆಪ್ಯಾಸಿಟರ್‌ಗಳಲ್ಲಿ ನಾಲ್ಕರಿಂದ ಒಂದು ಟ್ವಿನ್-ಟಿ ನಾಚ್ ಫಿಲ್ಟರ್ ಕಟ್ಟಿದೆ: ಎರಡು ಸಾಲಾಗಿ, ಎರಡು ಜೋಡಿಯಾಗಿ ಗ್ರೌಂಡ್‌ಗೆ, ಎರಡು 15.91 ಕಿಲೋಓಮ್, ನಡುವೆ ಅದರರ್ಧಕ್ಕೆ ಪ್ರಿಸೆಟ್. ಇದರ ಔಟ್‌ಪುಟ್ಟನ್ನು ನೇರವಾಗಿ ಇಂಟರ್‌ಫೇಸ್‌ಗೆ ಕೊಟ್ಟರೆ ಅದರ ಇನ್‌ಪುಟ್‌ನ ಹೊರೆ ಬಿದ್ದು ಲೆಕ್ಕ ಕೆಡುತ್ತದೆ. ಆದ್ದರಿಂದ ಕೆಲಸವಿಲ್ಲದೆ ಕುಳಿತಿದ್ದ ಟಿಎಲ್072ವನ್ನು ನಡುವೆ ಬಫರ್ ಆಗಿ ನಿಲ್ಲಿಸಿದೆ. ಈ ಫಿಲ್ಟರ್ ಮೂಲ ಅಲೆಯ ಜೊತೆಗೆ ಎರಡನೆಯ ಹಾರ್ಮೋನಿಕ್ಕನ್ನು 9.1 ಡೆಸಿಬೆಲ್, ಮೂರನೆಯದನ್ನು 5.1 ಡೆಸಿಬೆಲ್ ತಗ್ಗಿಸುತ್ತದೆ. ಇದನ್ನು ಮರೆತು ಅಳೆದವರಿಗೆ ತಮ್ಮ ಸರ್ಕಿಟ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ, ಅರ್ಧ ದಿನದ ಮಟ್ಟಿಗೆ ನನಗೂ ಕಂಡಿತ್ತು.

ಮೂಲ ಅಲೆ ಹೋದ ಮೇಲೆ ಅದರ ನೆರಳಿನಲ್ಲಿ ಅಡಗಿದ್ದೆಲ್ಲ ಹೊರಬಿತ್ತು. 50, 150, 250, 350 ಹರ್ಟ್ಜ್‌ಗಳಲ್ಲಿ ಬೇಲಿಯ ಗೂಟಗಳಂತೆ ಗೆರೆಗಳು ನಿಂತವು. ಸಪ್ಲೈನ ತಪ್ಪೆಂದು ಅದನ್ನು ಬಿಚ್ಚಿ, ಎರಡು 9 ವೋಲ್ಟ್ ಬ್ಯಾಟರಿಗಳ ಮೇಲೆ ಓಡಿಸಿದೆ. ಗೂಟಗಳು ಹಾಗೆಯೇ ಇದ್ದವು. ವೈರ್ ಮೊಟಕು ಮಾಡಿದೆ, ಶೀಲ್ಡ್ ಹಾಕಿದೆ, ಟ್ಯೂಬ್‌ಲೈಟ್ ಆರಿಸಿದೆ. ಹೊರಗೆ ಮಳೆ ಜೋರಾಗಿತ್ತು. ನಾಲ್ಕು ಗಂಟೆಯ ಸುಮಾರಿಗೆ ಎಂದಿನಂತೆ ಕರೆಂಟು ಹೋಯಿತು. ಕತ್ತಲಾದ ಕೋಣೆಯಲ್ಲಿ ಲ್ಯಾಪ್‌ಟಾಪ್‌ನ ಪರದೆಯೊಂದೇ ಬೆಳಗುತ್ತಿತ್ತು, ಅದರ ಮೇಲಿನ ಬೇಲಿ ಒಮ್ಮೆಲೇ ನೆಲಕಚ್ಚಿತು. ಗೂಟಗಳು ಬರುತ್ತಿದ್ದದ್ದು ಲ್ಯಾಪ್‌ಟಾಪ್‌ನ ಚಾರ್ಜರ್‌ನಿಂದ. ಕರೆಂಟು ಬರುವುದರೊಳಗೆ ಅಳತೆ ಮುಗಿಸಿದೆ: ಎರಡನೆಯದು 97 ಡೆಸಿಬೆಲ್, ಮೂರನೆಯದು 88 ಡೆಸಿಬೆಲ್ ಕೆಳಗೆ. ಫಿಲ್ಟರ್ ತಗ್ಗಿಸಿದ್ದನ್ನು ಕೂಡಿಸಿದರೆ ನಿಜವಾದದ್ದು 88 ಮತ್ತು 83. ಒಟ್ಟು 0.008 ಪ್ರತಿಶತ.

ಜುಲೈ 20

ಎಲ್ಲವನ್ನೂ ಕಬ್ಬಿಣದ ತಗಡಿನ ಪೆಟ್ಟಿಗೆಯಲ್ಲಿ (180 ರೂಪಾಯಿ) ಕೂರಿಸಿದೆ. ಎನ್‌ಇ5532ರ ಎರಡನೆಯ ಅರ್ಧವನ್ನು ಔಟ್‌ಪುಟ್ ಬಫರ್ ಮಾಡಿ, ಹೊರಗಿನ ವೈರಿನ ಹೊರೆ ಆಸಿಲೇಟರ್‌ಗೆ ತಾಗದಂತೆ ಮಾಡಿದೆ. ಪೆಟ್ಟಿಗೆಯ ಮೇಲೆ ಬೆರಳಿನಿಂದ ತಟ್ಟಿದರೆ ಬಲ್ಬಿನ ತಂತಿ ನಡುಗಿ ಔಟ್‌ಪುಟ್ ಮೂರು ನಾಲ್ಕು ಸೆಕೆಂಡ್ ಉಯ್ಯಾಲೆಯಾಡುತ್ತಿತ್ತು. ಬಲ್ಬಿನ ಸುತ್ತ ಸ್ಪಂಜಿನ ತುಂಡು ಸುತ್ತಿದ ಮೇಲೆ ಬಹುಮಟ್ಟಿಗೆ ನಿಂತಿತು. ಸ್ವಿಚ್ ಹಾಕಿದಾಗ ಅಲೆ ಒಮ್ಮೆ ಉಬ್ಬಿ, ಎರಡು ಸೆಕೆಂಡಿನಲ್ಲಿ ಸ್ಥಿರವಾಗುತ್ತದೆ. ಅದಕ್ಕೆ ಮದ್ದಿಲ್ಲ, ಕಾಯಬೇಕು.

ಕುತೂಹಲಕ್ಕೆ ಬ್ರಿಜ್‌ನ ಕೆಪ್ಯಾಸಿಟರ್‌ಗಳನ್ನು 0.1 ಮೈಕ್ರೋಫ್ಯಾರಡ್‌ನ ಫಿಲ್ಮ್‌ಗೆ ಬದಲಿಸಿ 100 ಹರ್ಟ್ಜ್‌ನಲ್ಲಿ ಓಡಿಸಿದೆ. ಮೂರನೆಯ ಹಾರ್ಮೋನಿಕ್ 64ಕ್ಕೆ ಏರಿತು. ಅಲೆ ನಿಧಾನವಾದಂತೆ ದೀಪದ ತಂತಿ ಪ್ರತಿ ಅಲೆಯ ಒಳಗೇ ತುಸು ಬಿಸಿಯಾಗಿ ತುಸು ಆರುತ್ತದೆ. ಫ್ರೀಕ್ವೆನ್ಸಿ ಹತ್ತನೆಯ ಒಂದು ಭಾಗಕ್ಕೆ ಇಳಿದರೆ ಇದು 20 ಡೆಸಿಬೆಲ್‌ನಷ್ಟು ಕೆಡಬೇಕು, ಸುಮಾರು ಅಷ್ಟೇ ಕೆಟ್ಟಿತು. ಹಾಗಾಗಿ 1 ಕಿಲೋಹರ್ಟ್ಜ್‌ನಲ್ಲಿ ಉಳಿದಿರುವ 83 ಕೂಡ ಬಲ್ಬಿನದೇ. 100 ಹರ್ಟ್ಜ್ ನನಗೆ ಬೇಕಿಲ್ಲ. 10 ನ್ಯಾನೋಫ್ಯಾರಡ್‌ನ ಪಾಲಿಪ್ರೊಪಿಲೀನ್ ಜೋಡಿಯನ್ನೇ ಮತ್ತೆ ಹಾಕಿದೆ. ಸುಟ್ಟದ್ದು, ಕೆಟ್ಟದ್ದು, ಪಕ್ಕಕ್ಕಿಟ್ಟ ಎಫ್‌ಇಟಿಗಳು ಎಲ್ಲ ಸೇರಿ ಖರ್ಚು 945 ರೂಪಾಯಿ. ದೀಪಗಳಿಗೆ ಗೆಳೆಯ ಹಣ ತೆಗೆದುಕೊಳ್ಳಲಿಲ್ಲ.

ಸಂಜೆ ಒಂದು ಮಂಡಳದ 250 ವ್ಯಾಟ್ ಆಂಪ್ಲಿಫೈಯರ್‌ಗೆ ಇದೇ ಅಲೆಯನ್ನು ಕೊಟ್ಟು, 8 ಓಮ್ ಹೊರೆಯ ಮೇಲೆ 1 ವ್ಯಾಟ್, ಅಂದರೆ 2.83 ವೋಲ್ಟ್‌ನಲ್ಲಿ ಅಳೆದೆ. ಮೂರನೆಯ ಹಾರ್ಮೋನಿಕ್ 46, ಐದನೆಯದು 52, ಏಳನೆಯದು 55. ಹಳೆಯ ಡಯೋಡ್ ಆಸಿಲೇಟರ್ ತಾನೇ 37 ಮತ್ತು 49 ಬೆರೆಸಿ ಕೊಡುತ್ತಿದ್ದಾಗ ಇವು ಕಾಣುವ ಮಾತೇ ಇರಲಿಲ್ಲ. ಹೀಗೆ ಬೆಸಸಂಖ್ಯೆಯ ಹಾರ್ಮೋನಿಕ್‌ಗಳು ಇಳಿಯದೆ ಸಾಲುಗಟ್ಟಿದರೆ ಮೊದಲು ನೋಡಬೇಕಾದದ್ದು ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಬಯಾಸ್, ಅಂದರೆ ಅಲೆ ಇಲ್ಲದಾಗಲೂ ಅವುಗಳಲ್ಲಿ ಹರಿಯಬೇಕಾದ ಸಣ್ಣ ಕರೆಂಟು. 0.22 ಓಮ್ ಎಮಿಟರ್ ರೆಸಿಸ್ಟರ್‌ನ ಮೇಲೆ ಮೀಟರ್ ಸೊನ್ನೆ ತೋರಿಸಿತು. ಬಯಾಸ್ ಪ್ರಿಸೆಟ್‌ನ ನಡುವಿನ ಕಾಲು ಧೂಳು ಹಿಡಿದು ಬಿಟ್ಟುಹೋಗಿತ್ತು. ಹೊಸ ಪ್ರಿಸೆಟ್ ಹಾಕಿ 10 ಮಿಲಿವೋಲ್ಟ್‌ಗೆ ಹೊಂದಿಸಿದ ಮೇಲೆ ಮೂರನೆಯದು 66ಕ್ಕೆ ಇಳಿಯಿತು, ಏಳನೆಯದು ಗದ್ದಲದಲ್ಲಿ ಮುಳುಗಿತು. ಮೂಲೆಯಲ್ಲಿ ಇನ್ನೂ ಐದು ಆಂಪ್ಲಿಫೈಯರ್‌ಗಳು ಕಾಯುತ್ತಿದ್ದವು, ಹಬ್ಬ ಆಗಸ್ಟ್ 27ಕ್ಕೆ ಇತ್ತು.